ಮೆಟ್ಟಿಲ ಕೆಳಗಿನ ಬ್ಯಾಟರಿ

ವಿಜಯನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಒಂದು ಬ್ಯಾಟರಿ ಇದೆ. ಕರೆಂಟು ಹೋದಾಗ ಎರಡು ಫ್ಯಾನು, ನಾಲ್ಕು ದೀಪ ನಡೆಸುವುದು ಅದರ ಕೆಲಸ. ಈಗ ಅಮ್ಮನ ಆಮ್ಲಜನಕದ ಯಂತ್ರವೂ ಅದನ್ನೇ ನೆಚ್ಚಿಕೊಂಡಿದೆ. ಕಳೆದ ತಿಂಗಳು ಅದು ಇಪ್ಪತ್ತೇ ನಿಮಿಷಕ್ಕೆ ಕೈಕೊಟ್ಟಿತು.

ಬೆಂಗಳೂರಿಗೆ ವಿದ್ಯುತ್ ಬೇಗನೆ ಬಂದಿತ್ತು. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಹೊತ್ತಿಕೊಂಡವು. ಆಮೇಲೆ ಜೋಗ, ಶರಾವತಿ. ದಶಕಗಳ ಕಾಲ ನಾಡಿನ ದೀಪ ಉರಿದದ್ದು ಹೆಚ್ಚಾಗಿ ನದಿ ನೀರಿನಿಂದಲೇ. ಮಳೆ ಹೋದ ವರ್ಷ ಲೋಡ್ ಶೆಡ್ಡಿಂಗ್ ಖಾತ್ರಿ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾದ ಮೇಲೂ ಕತ್ತಲು ತಪ್ಪಲಿಲ್ಲ. ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಮೇಣದಬತ್ತಿ, ಎಮರ್ಜೆನ್ಸಿ ಲ್ಯಾಂಪು ದಾಟಿ ಬಂದದ್ದು ನಾವೆಲ್ಲ 'ಯುಪಿಎಸ್' ಎನ್ನುವ ಇನ್ವರ್ಟರ್.

ಅದರ ಹೊಟ್ಟೆಗೆ ಬೇಕಾದ ಬ್ಯಾಟರಿ ಮಾತ್ರ ಬಹಳ ಹಳೆಯದು. ಸೀಸದ ತಗಡುಗಳನ್ನು ಗಂಧಕಾಮ್ಲದಲ್ಲಿಟ್ಟು ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಅದನ್ನು ಮಾಡಿದ್ದು 1859ರಲ್ಲಿ. ಮೊದಮೊದಲು ವಾಹನದ ಬ್ಯಾಟರಿಯನ್ನೇ ಮನೆಗೆ ಜೋಡಿಸಿ ಕೈಸುಟ್ಟುಕೊಂಡವರಿದ್ದರು. ಎಂಜಿನ್ ಎಬ್ಬಿಸಲು ಕೆಲವೇ ಸೆಕೆಂಡು ಭಾರೀ ಕರೆಂಟು ಸಾಕು. ಅದಕ್ಕೆ ತೆಳು ತಗಡು. ಮನೆಗೆ ಬೇಕಾದದ್ದು ಗಂಟೆಗಟ್ಟಲೆ ನಿಧಾನವಾಗಿ ಕೊಡುವ ತಾಳ್ಮೆ. ಟ್ಯೂಬುಲರ್ ಬ್ಯಾಟರಿಯಲ್ಲಿ ಸೀಸದ ಪುಡಿ ಕೊಳವೆಗಳೊಳಗೆ ಇರುವುದರಿಂದ ಪದೇಪದೇ ಖಾಲಿಯಾದರೂ ಬೇಗ ಉದುರುವುದಿಲ್ಲ.

ರಾಜಾಜಿನಗರದ ಅಂಗಡಿಯಾತ ಕೇಳಿದ ಮೊದಲ ಮಾತು: "ಸಾರ್, ಬ್ಯಾಟರಿ ಆಮೇಲೆ ನೋಡೋಣ. ಮನೇಲಿ ಏನೇನು ಓಡುತ್ತೆ ಹೇಳಿ."

ಲೆಕ್ಕ ಹಾಕಿದೆವು. ಅಮ್ಮನ ಯಂತ್ರಕ್ಕೇ ಸುಮಾರು 350 ವ್ಯಾಟ್. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಎಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್, ಐದು ಗಂಟೆ. ಆದರೆ ಆ 150 ಎಂಬುದು 20 ಗಂಟೆ ನಿಧಾನವಾಗಿ ಎಳೆದಾಗಿನ ಮಾತು. ಜೋರಾಗಿ ಎಳೆದರೆ ಸಿಗುವುದು ಕಡಿಮೆ, ಇನ್ವರ್ಟರ್ ನುಂಗುವುದು ಬೇರೆ. ಕೈಗೆ ಬರುವುದು ಎರಡೂವರೆ ಗಂಟೆ. 100ರ ಲಿಥಿಯಂ ಫಾಸ್ಫೇಟ್ ಬ್ಯಾಟರಿಯೂ ಹೆಚ್ಚುಕಡಿಮೆ ಅಷ್ಟನ್ನೇ ಕೊಡುತ್ತದೆ. ಹಗುರ, ಬೇಗ ಚಾರ್ಜ್ ಆಗುತ್ತದೆ, ಡಿಸ್ಟಿಲ್ಡ್ ವಾಟರ್ ಕೇಳುವುದಿಲ್ಲ. ಆದರೆ ನಮ್ಮ ಹಳೆಯ ಇನ್ವರ್ಟರಿನಲ್ಲಿ ಅದಕ್ಕೆ ತಕ್ಕ ಚಾರ್ಜಿಂಗ್ ವ್ಯವಸ್ಥೆಯಿಲ್ಲ; ಎರಡನ್ನೂ ಬದಲಿಸಬೇಕು.

ದಿನಕ್ಕೆರಡು ಬಾರಿ ಕರೆಂಟು ಹೋಗುವ ಕಾಲವಾಗಿದ್ದರೆ ಲಿಥಿಯಂಗೇ ಸಾಲ ಮಾಡುತ್ತಿದ್ದೆ. ಈಗ ನಮ್ಮ ಬೀದಿಯಲ್ಲಿ ಹೋಗುವುದು ಅಪರೂಪ, ಹೋದರೂ ಗಂಟೆಯೊಳಗೆ ಬರುತ್ತದೆ. ಟ್ಯೂಬುಲರನ್ನೇ ತಂದೆವು. ಯಾವ ಬ್ಯಾಟರಿಯನ್ನೂ ಪೂರ್ತಿ ನಂಬಬಾರದೆಂದು ಪಕ್ಕದಲ್ಲೊಂದು ಆಮ್ಲಜನಕದ ಸಿಲಿಂಡರ್ ಇಟ್ಟೆವು.

ಹಳೆಯದನ್ನು ಗುಜರಿಯವನಿಗೆ ಕೊಟ್ಟಿದ್ದರೆ ನಾಲ್ಕು ಕಾಸು ಹೆಚ್ಚು ಬರುತ್ತಿತ್ತೇನೋ. ಆದರೆ ಎಲ್ಲೋ ಬಯಲಲ್ಲಿ ಸೀಸ ಕರಗಿಸಿದರೆ ಅದರ ಹೊಗೆ, ದೂಳು ಮೊದಲು ಕೆಡಿಸುವುದು ಮಕ್ಕಳ ಮಿದುಳನ್ನು. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ವಾಪಸು ಪಡೆಯಬೇಕೆಂಬ ನಿಯಮ 2001ರಲ್ಲೇ ಬಂತು; 2022ರ ನಿಯಮ ಲಿಥಿಯಂ ತಯಾರಕರನ್ನೂ ಹೊಣೆಯಾಗಿಸಿತು. ಅಂಗಡಿಗೇ ಒಪ್ಪಿಸಿ ರಸೀದಿ ತಂದೆ. ನಮ್ಮ ಮನೆಯ ಉಸಿರಿಗಾಗಿ ಇನ್ನೊಂದು ಮನೆಯ ಉಸಿರು ಕೆಡಬಾರದಲ್ಲ.