ಡಬಲ್ ಡ್ರಿಬಲ್ ಯಾಕೆ ತಪ್ಪು?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ... ನಮ್ಮ ಕಡೆ ಶಾಲಾ ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ ರೆಫ್ರಿಯಾಗಿ ನಿಂತರೆ ಪ್ರಶ್ನೆ ಒಂದೇ: "ಸರ್, ನಾನು ಓಡಲಿಲ್ವಲ್ಲ, ಯಾಕೆ ವಿಷಲ್ ಊದಿದ್ರಿ?"

ಉತ್ತರ ಇತಿಹಾಸದಲ್ಲಿದೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಡ್ರಿಬಲ್ ಇರಲೇ ಇಲ್ಲ. ಚೆಂಡು ಹಿಡಿದು ಓಡೋ ಹಾಗಿಲ್ಲ, ಹಿಡಿದಲ್ಲಿಂದಲೇ ಎಸೀಬೇಕು, ಅಷ್ಟೆ. ಎದುರಾಳಿಗಳು ಮುತ್ತಿಕೊಂಡಾಗ ಆಟಗಾರರು ಕಂಡುಕೊಂಡ ಉಪಾಯ, ಚೆಂಡನ್ನು ನೆಲಕ್ಕೆ ಬಡಿದು ತನಗೆ ತಾನೇ ಪಾಸ್ ಕೊಟ್ಟುಕೊಳ್ಳೋದು! ಆಮೇಲೆ ನಿಯಮವೂ ಅದನ್ನು ಒಪ್ಪಿತು. ಆದರೆ ಎರಡೂ ಕೈಯಲ್ಲಿ ಹಿಡಿದರೆ, ಇಲ್ಲಾ ಅಂಗೈಯಲ್ಲಿ ನಿಲ್ಲಿಸಿದರೆ ಆ ಅವಕಾಶ ಮುಗೀತು. ಇನ್ನೇನಿದ್ದರೂ ಪಾಸ್ ಅಥವಾ ಶಾಟ್.

ನಮ್ಮ ಹುಡುಗರಿಗೆ ಹೀಗೆ ಹೇಳ್ತೀನಿ: ರೈಡ್ ಮಧ್ಯೆ ಉಸಿರು ಬಿಟ್ಟು ಮತ್ತೆ 'ಕಬಡ್ಡಿ ಕಬಡ್ಡಿ' ಅಂದ್ರೆ ನಡೆಯುತ್ತಾ? ತಕ್ಷಣ ಅರ್ಥ ಆಗುತ್ತೆ. ಕಾರಣ ತಿಳಿದರೇನೇ ಮಕ್ಕಳು ತೀರ್ಪನ್ನು ನಂಬೋದು, ಅಲ್ವಾ?