ಕುದಿಸದ ನೂಡಲ್ಸ್, ಹಂಚಿ ತಿನ್ನುವ ಮೇಜು

ಅಮೆರಿಕದ ಚರ್ಚ್ ಸಭಾಂಗಣಗಳಲ್ಲಿ, ಶಾಲೆಯ ಕೂಟಗಳಲ್ಲಿ, ನೆರೆಹೊರೆಯವರು ಸೇರಿ ಮಾಡುವ ಊಟಗಳಲ್ಲಿ ಒಂದು ದೊಡ್ಡ ಬಟ್ಟಲು ಆಗಾಗ ಕಾಣಸಿಗುತ್ತದೆ. ಅದರಲ್ಲಿ ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್, ಈರುಳ್ಳಿ ಸೊಪ್ಪು, ಹುರಿದ ಬಾದಾಮಿ, ಸೂರ್ಯಕಾಂತಿ ಬೀಜಗಳಿರುತ್ತವೆ. ಇವುಗಳ ನಡುವೆ ಹಲ್ಲಿಗೆ ಸಿಕ್ಕಿ ಕರಕರ ಎನ್ನುವ ಇನ್ನೊಂದು ವಸ್ತುವೂ ಇರುತ್ತದೆ. ಅದು ನೂಡಲ್ಸ್. ಬೇಯಿಸಿದ್ದಲ್ಲ, ಅಂಗಡಿಯಿಂದ ತಂದ ಪೊಟ್ಟಣವನ್ನು ಒಡೆದು, ಕೈಯಿಂದಲೇ ಮುರಿದು ಹಾಕಿದ್ದು. ಎಣ್ಣೆ, ವಿನೆಗರ್, ಸಕ್ಕರೆ ಕದಡಿ ಮೇಲೆ ಸುರಿದರೆ ಸಲಾಡ್ ಸಿದ್ಧ. ಬಾದಾಮಿ ಹುರಿಯುವುದಕ್ಕಷ್ಟೇ ಒಲೆ ಬೇಕು.

ಕಾಲು ಗಂಟೆಯಲ್ಲಿ ಮುಗಿಯುವ ಈ ಅಡುಗೆಯ ಹಿಂದೆ ಒಂದು ದೀರ್ಘ ಇತಿಹಾಸವಿದೆ. ಅದರಲ್ಲಿ ಯುದ್ಧವಿದೆ, ಹಸಿವಿದೆ, ಹೊರಗಿಡಲ್ಪಟ್ಟವರ ನೋವಿದೆ. ಬಟ್ಟಲಿನ ಮುಂದೆ ನಿಂತವರಿಗೆ ಅದು ನೆನಪಾಗುವುದಿಲ್ಲ ಎಂಬುದೂ ಆ ಇತಿಹಾಸದ ಒಂದು ಭಾಗವೇ.

ನವಣೆಯ ಎಳೆ, ಸಿಸಿಲಿಯ ಇತ್ರಿಯಾ

ನೂಡಲ್ಸ್ ಎಂದರೆ ಮೈದಾದ ಆಧುನಿಕ ತಿನಿಸು ಎಂದು ನಾವು ಭಾವಿಸುತ್ತೇವೆ. ಆದರೆ ಚೀನಾದ ಲಾಜಿಯಾ ಎಂಬಲ್ಲಿ ಉತ್ಖನನ ನಡೆದಾಗ ಮಗುಚಿ ಬಿದ್ದಿದ್ದ ಒಂದು ಮಣ್ಣಿನ ಬಟ್ಟಲಿನಡಿ ತೆಳ್ಳಗಿನ ಹಳದಿ ಎಳೆಗಳು ಸಿಕ್ಕಿದವು. ಅವು ಸುಮಾರು 4000 ವರ್ಷ ಹಳೆಯವು ಎಂದು 2005ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅವರ ಪರೀಕ್ಷೆಯ ಪ್ರಕಾರ ಅವು ಗೋಧಿಯ ಎಳೆಗಳಾಗಿರಲಿಲ್ಲ. ನಮ್ಮ ಬಯಲುಸೀಮೆಯ ರೈತರಿಗೆ ಚೆನ್ನಾಗಿ ಗೊತ್ತಿರುವ ನವಣೆ ಮತ್ತು ಬರಗಿನವು.

ಪಶ್ಚಿಮದ ಕಡೆಗೂ ಇಂಥದೇ ಒಂದು ಎಳೆ ಹರಿದಿದೆ. ಅರಬ್ ಭೂಗೋಳ ಶಾಸ್ತ್ರಜ್ಞ ಅಲ್ ಇದ್ರೀಸಿಯು ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರನ ಆಶ್ರಯದಲ್ಲಿ ಬರೆದು 1154ರಲ್ಲಿ ಮುಗಿಸಿದ ಗ್ರಂಥದಲ್ಲಿ ಪಲೆರ್ಮೊ ಸಮೀಪದ ತ್ರಾಬಿಯಾ ಎಂಬ ಊರಿನ ಪ್ರಸ್ತಾಪವಿದೆ. ಅಲ್ಲಿ ಹಿಟ್ಟಿನಿಂದ ‘ಇತ್ರಿಯಾ’ ಎಂಬ ಒಣಗಿಸಿದ ಎಳೆಗಳನ್ನು ಹೇರಳವಾಗಿ ತಯಾರಿಸಿ, ಮುಸ್ಲಿಮ್ ಮತ್ತು ಕ್ರೈಸ್ತ ನಾಡುಗಳಿಗೆ ಹಡಗುಗಳಲ್ಲಿ ಕಳಿಸುತ್ತಿದ್ದರು ಎಂದು ಅವನು ಬರೆದಿದ್ದಾನೆ. ದೊರೆ ಕ್ರೈಸ್ತ, ಬರಹಗಾರ ಮುಸ್ಲಿಮ್, ತಿನಿಸು ಇಬ್ಬರದೂ. ಒಣಗಿದ ಎಳೆ ಕೆಡುವುದಿಲ್ಲ. ಆದ್ದರಿಂದಲೇ ಅದು ಕಡಲು ದಾಟಿತು.

ಒಸಾಕಾದ ಸಾಲು

ನಮ್ಮ ಸಲಾಡಿನಲ್ಲಿರುವ ನೂಡಲ್ಸ್ ಮಾತ್ರ ಎರಡನೇ ಮಹಾಯುದ್ಧದ ಬೂದಿಯಿಂದ ಎದ್ದು ಬಂದದ್ದು. ಮೊಮೊಫುಕು ಆಂಡೊ 1910ರಲ್ಲಿ ತೈವಾನಿನಲ್ಲಿ ಹುಟ್ಟಿದವನು. ತೈವಾನ್ ಆಗ ಜಪಾನಿನ ವಸಾಹತು. ಯುದ್ಧ ಮುಗಿದಾಗ ಅವನು ಒಸಾಕಾದಲ್ಲಿದ್ದ. ಸುಟ್ಟುಹೋದ ನಗರದ ಕಾಳಸಂತೆಯಲ್ಲಿ, ಕೊರೆಯುವ ಚಳಿಯಲ್ಲಿ, ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನ ಉದ್ದಕ್ಕೆ ಸಾಲು ನಿಂತಿದ್ದ ದೃಶ್ಯ ತನ್ನ ಮನಸ್ಸಿನಲ್ಲಿ ಅಚ್ಚೊತ್ತಿತು ಎಂದು ಅವನು ಮುಂದೆ ಹೇಳಿಕೊಂಡಿದ್ದಾನೆ.

ಆ ದಿನಗಳಲ್ಲಿ ಅಮೆರಿಕದಿಂದ ನೆರವಿನ ರೂಪದಲ್ಲಿ ಜಪಾನಿಗೆ ಗೋಧಿ ಬರುತ್ತಿತ್ತು. ಜನರು ಬ್ರೆಡ್ ತಿನ್ನಲಿ ಎಂಬುದು ಸರಕಾರದ ಪ್ರಚಾರವಾಗಿತ್ತು. ಪೂರ್ವದವರು ತಲೆತಲಾಂತರದಿಂದ ತಿಂದುಬಂದ ನೂಡಲ್ಸನ್ನೇ ಈ ಗೋಧಿಯಿಂದ ಯಾಕೆ ಮಾಡಬಾರದು ಎಂಬುದು ಆಂಡೊನ ಪ್ರಶ್ನೆ. ಆದರೆ ಬದುಕು ಅವನಿಗೆ ಸುಲಭವಾಗಿರಲಿಲ್ಲ. ತೆರಿಗೆ ಪ್ರಕರಣದಲ್ಲಿ ಜೈಲು ಕಂಡ. ಅವನು ಮುಖ್ಯಸ್ಥನಾಗಿದ್ದ ಸಾಲ ಸಹಕಾರಿ ಸಂಸ್ಥೆ ಮುಳುಗಿ ಎಲ್ಲವನ್ನೂ ಕಳೆದುಕೊಂಡ. ಉಳಿದದ್ದು ಮನೆಯೊಂದೇ. ಅದರ ಹಿತ್ತಿಲಲ್ಲಿ ಶೆಡ್ ಕಟ್ಟಿಕೊಂಡು ಪ್ರಯೋಗಕ್ಕಿಳಿದ.

ಹೆಂಡತಿ ಹಿಟ್ಟಿನಲ್ಲಿ ಅದ್ದಿ ತರಕಾರಿ ಕರಿಯುತ್ತಿದ್ದಾಗ ಅವನಿಗೆ ದಾರಿ ಹೊಳೆಯಿತಂತೆ. ಆವಿಯಲ್ಲಿ ಬೇಯಿಸಿದ ನೂಡಲ್ಸನ್ನು ಕುದಿಯುವ ಎಣ್ಣೆಗೆ ಬಿಟ್ಟರೆ ಒಳಗಿನ ನೀರು ಆವಿಯಾಗಿ ಚಿಮ್ಮುತ್ತದೆ. ಎಳೆಯ ತುಂಬ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ನೀರಿನಂಶ ಇಲ್ಲದ್ದರಿಂದ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಿಸಿನೀರು ಹಾಕಿದರೆ ಅದೇ ರಂಧ್ರಗಳ ಮೂಲಕ ನೀರು ಒಳನುಗ್ಗಿ ಎಳೆ ಮೆತ್ತಗಾಗುತ್ತದೆ. 1958ರ ಆಗಸ್ಟ್ 25ರಂದು ಅವನ ‘ಚಿಕನ್ ರಾಮೆನ್’ ಮಾರುಕಟ್ಟೆಗೆ ಬಂತು. ಬೆಲೆ 35 ಯೆನ್. ಬಡವರ ಹಸಿವಿಗೆಂದು ಯೋಚಿಸಿದ್ದು ಆರಂಭದಲ್ಲಿ ತಾಜಾ ನೂಡಲ್ಸಿಗಿಂತ ಹಲವು ಪಟ್ಟು ದುಬಾರಿಯಾಗಿತ್ತು ಎಂಬುದು ವಿಪರ್ಯಾಸ. ಆಂಡೊನಿಗೆ ಆಗ 48 ವರ್ಷ. 2007ರಲ್ಲಿ, 96ನೇ ವಯಸ್ಸಿನಲ್ಲಿ ಅವನು ತೀರಿಕೊಂಡ.

ಇಲ್ಲೊಂದು ಗುಟ್ಟಿದೆ. ಪೊಟ್ಟಣದ ನೂಡಲ್ಸ್ ಹಸಿಯಲ್ಲ, ಈಗಾಗಲೇ ಬೆಂದು ಕರಿದದ್ದು. ಹಾಗಾಗಿ ಕುದಿಸದೆಯೂ ತಿನ್ನಬಹುದು. ಜಪಾನಿನಲ್ಲಿ ಒಂದು ಕಂಪನಿಯು ಕಾರ್ಖಾನೆಯಲ್ಲಿ ಉಳಿದ ನೂಡಲ್ಸ್ ಚೂರುಗಳಿಂದಲೇ 1959ರಲ್ಲಿ ಮಕ್ಕಳ ಕುರುಕಲು ತಿಂಡಿಯನ್ನು ಹೊರತಂದಿತ್ತು. ಭಾರತಕ್ಕೆ 1983ರಲ್ಲಿ ಮ್ಯಾಗಿ ಬಂದ ಮೇಲೆ ಅಮ್ಮನ ಕಣ್ಣು ತಪ್ಪಿಸಿ ಪೊಟ್ಟಣ ಒಡೆದು ತಿಂದ ನಮ್ಮ ಮಕ್ಕಳಿಗೂ ಈ ಗುಟ್ಟು ಯಾರೂ ಹೇಳಿಕೊಡಬೇಕಾಗಲಿಲ್ಲ.

ಇದ್ದದ್ದನ್ನು ತಂದಿಡುವ ಊಟ

1966ರಲ್ಲಿ ಆಂಡೊ ಅಮೆರಿಕಕ್ಕೆ ಹೋದ. ಅಲ್ಲಿನ ವ್ಯಾಪಾರಿಗಳ ಬಳಿ ರಾಮೆನ್ ಬಟ್ಟಲಿರಲಿಲ್ಲ. ಅವರು ನೂಡಲ್ಸನ್ನು ಮುರಿದು ಕಾಗದದ ಲೋಟಕ್ಕೆ ಹಾಕಿ, ಬಿಸಿನೀರು ಹೊಯ್ದು, ಫೋರ್ಕಿನಿಂದ ತಿಂದರು. ಅದನ್ನು ನೋಡಿಯೇ 1971ರಲ್ಲಿ ಅವನು ‘ಕಪ್ ನೂಡಲ್ಸ್’ ತಂದ. ಎಪ್ಪತ್ತರ ದಶಕದಲ್ಲಿ ಅಮೆರಿಕದಲ್ಲೇ ಕಾರ್ಖಾನೆಗಳು ಆರಂಭವಾದವು. ನೆರವಾಗಿ ಜಪಾನಿಗೆ ಹೋದ ಗೋಧಿ, ನೂಡಲ್ಸ್ ಆಗಿ ಅಮೆರಿಕದ ಅಂಗಡಿಗೇ ಮರಳಿತು. ಮುರಿಯುವ ಅಭ್ಯಾಸ ಅಲ್ಲಿನವರಿಗೆ ಮೊದಲೇ ಇತ್ತು!

ಎಲೆಕೋಸಿನ ಸಲಾಡ್ ಅಲ್ಲಿಗೆ ಹೊಸದಲ್ಲ. ‘ಕೋಲ್‌ಸ್ಲಾ’ ಎಂಬ ಹೆಸರೇ ಡಚ್ ವಲಸಿಗರು ಕೊಟ್ಟದ್ದು. ಅವರ ಮಾತಿನಲ್ಲಿ ‘ಕೋಲ್’ ಎಂದರೆ ಎಲೆಕೋಸು, ‘ಸ್ಲಾ’ ಎಂದರೆ ಸಲಾಡ್. ಕ್ಯಾಲಿಫೋರ್ನಿಯದ ಚೀನೀ ಹೊಟೇಲುಗಳಲ್ಲಿ ಕರಿದ ಎಳೆಗಳನ್ನು ಹಾಕಿದ ಕೋಳಿ ಸಲಾಡ್ ಜನಪ್ರಿಯವಾಗಿತ್ತು. ಅಗ್ಗದ ರಾಮೆನ್ ಪೊಟ್ಟಣ ಮನೆಮನೆಗೆ ಬಂದಾಗ ಗೃಹಿಣಿಯರು ಈ ಎರಡನ್ನೂ ಕೂಡಿಸಿದರು. 1980 ಮತ್ತು 90ರ ದಶಕಗಳಲ್ಲಿ ಚರ್ಚಿನ ಮಹಿಳೆಯರು ಸೇರಿ ಅಚ್ಚು ಹಾಕಿಸುವ ಅಡುಗೆ ಪುಸ್ತಕಗಳ ಮೂಲಕ ಅದು ಊರೂರಿಗೆ ಹಬ್ಬಿತು. ಇಂಥ ಪುಸ್ತಕಗಳ ಪರಂಪರೆ 1864ರಷ್ಟು ಹಿಂದಿನದು. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನೆರವಿಗೆ ಹಣ ಕೂಡಿಸಲು ಆರಂಭವಾದದ್ದು.

ಈ ಸಲಾಡಿಗೆ ಸರಿಯಾದ ನೆಲೆ ‘ಪಾಟ್‌ಲಕ್’. ಅನಿರೀಕ್ಷಿತ ಅತಿಥಿಗೆ ಆ ದಿನ ಮಡಕೆಯಲ್ಲಿ ಏನಿದೆಯೋ ಅದು ಎಂಬುದು 16ನೇ ಶತಮಾನದ ಇಂಗ್ಲಿಷಿನಲ್ಲಿ ಆ ಪದದ ಅರ್ಥ. ಅಮೆರಿಕದಲ್ಲಿ ಅದು ಪ್ರತಿಯೊಬ್ಬರೂ ಮನೆಯಿಂದ ಒಂದೊಂದು ಬಗೆ ತಂದು ಹಂಚಿ ತಿನ್ನುವ ಊಟವಾಯಿತು. 1930ರ ದಶಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಯಾವೊಂದು ಮನೆಗೂ ಭಾರವಾಗದ ಈ ಪದ್ಧತಿ ಬೇರೂರಿತು. ಇಲ್ಲಿ ಉಣಿಸುವ ಧಣಿಯೂ ಇಲ್ಲ, ಋಣಕ್ಕೆ ಬೀಳುವ ಅತಿಥಿಯೂ ಇಲ್ಲ.

ತಿನಿಸಿಗೆ ತೆರೆದ ಬಾಗಿಲು

ಹಾಗಾದರೆ ಆ ಮೇಜಿಗೆ ಎಲ್ಲರಿಗೂ ಪ್ರವೇಶವಿತ್ತೇ? ಇತಿಹಾಸ ಇಲ್ಲವೆನ್ನುತ್ತದೆ. 1882ರಲ್ಲಿ ಅಮೆರಿಕ ಕಾನೂನು ಮಾಡಿ ಚೀನೀ ಕಾರ್ಮಿಕರ ವಲಸೆಯನ್ನು ನಿಷೇಧಿಸಿತು. ಅದು ರದ್ದಾದದ್ದು 1943ರಲ್ಲಿ. 1942ರಲ್ಲಿ ಜಪಾನೀ ಮೂಲದ ಸುಮಾರು 1,20,000 ಮಂದಿಯನ್ನು ಮನೆಮಠ ಬಿಡಿಸಿ ಮುಳ್ಳುತಂತಿಯ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿದ ಪ್ರಜೆಗಳು. ದಕ್ಷಿಣದ ರಾಜ್ಯಗಳಲ್ಲಿ ಕರಿಯರು ಬಿಳಿಯರ ಪಕ್ಕ ಕುಳಿತು ತಿನ್ನುವಂತಿರಲಿಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊ ನಗರದಲ್ಲಿ ನಾಲ್ವರು ಕರಿಯ ವಿದ್ಯಾರ್ಥಿಗಳು ಬಿಳಿಯರಿಗೆ ಮೀಸಲಾದ ಉಪಾಹಾರದ ಕಟ್ಟೆಯೆದುರು ಕುಳಿತದ್ದೇ ಒಂದು ಚಳವಳಿಯಾಯಿತು.

ಶಿಬಿರಗಳಲ್ಲಿ ಕೊಳೆತವರಲ್ಲಿ ಬದುಕುಳಿದವರಿಗೆ ಅಮೆರಿಕ ಸರಕಾರ ಕ್ಷಮೆ ಕೇಳಿ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ. ಅಷ್ಟರಲ್ಲಿ ಅವರ ಪೂರ್ವಜರ ನಾಡಿನ ನೂಡಲ್ಸ್ ಯಾವ ಅಡೆತಡೆಯೂ ಇಲ್ಲದೆ ಚರ್ಚಿನ ಮೇಜೇರಿಯಾಗಿತ್ತು! ಆ ಸಲಾಡಿಗಿಟ್ಟ ಹೆಸರು ‘ಓರಿಯೆಂಟಲ್ ಸಲಾಡ್’. ಚೀನಾದಲ್ಲಾಗಲಿ ಜಪಾನಿನಲ್ಲಾಗಲಿ ಇಂಥ ಸಾಂಪ್ರದಾಯಿಕ ಅಡುಗೆಯಿಲ್ಲ. ಇಡೀ ಪೂರ್ವವನ್ನು ಒಂದೇ ಪದದಲ್ಲಿ ಕಟ್ಟಿಹಾಕುವ ಈ ದೃಷ್ಟಿಯನ್ನೇ ಎಡ್ವರ್ಡ್ ಸೈದ್ 1978ರ ತಮ್ಮ ‘ಓರಿಯೆಂಟಲಿಸಂ’ ಗ್ರಂಥದಲ್ಲಿ ಪ್ರಶ್ನಿಸಿದ್ದರು. ಅಮೆರಿಕದ ಕೇಂದ್ರ ಕಾನೂನುಗಳಲ್ಲಿ ಜನರನ್ನು ಹಾಗೆ ಕರೆಯುವುದನ್ನು ಕೈಬಿಡಲು 2016ರ ತನಕ ಕಾಯಬೇಕಾಯಿತು.

ತಿನಿಸನ್ನು ಒಪ್ಪುವುದು ಸುಲಭ, ತಿನಿಸಿನೊಂದಿಗೆ ಬಂದ ಮನುಷ್ಯನನ್ನು ಒಪ್ಪುವುದು ಕಷ್ಟ. ಇದು ಅಮೆರಿಕಕ್ಕೆ ಮಾತ್ರ ಅಂಟಿದ ರೋಗವಲ್ಲ. ನೆರೆಮನೆಯ ಬಿರಿಯಾನಿಯನ್ನು ಹೊಗಳುತ್ತಲೇ ಆ ನೆರೆಯವನಿಗೆ ಬಾಡಿಗೆಗೆ ಮನೆ ನಿರಾಕರಿಸುವುದನ್ನು ನಾವೂ ಕಂಡಿಲ್ಲವೇ?

ಪುಟ್ಟ ಪೊಟ್ಟಣದ ಪ್ರಶ್ನೆ

ಇಂದು ಅಮೆರಿಕದಲ್ಲಿ ಭಾರತೀಯರೂ ಅರಬರೂ ಈ ಕೂಟಗಳಲ್ಲಿ ಸಹಜವಾಗಿ ಬೆರೆಯುತ್ತಾರೆ. ಅಲ್ಲಿನ ಅನೇಕ ಮಸೀದಿಗಳಲ್ಲಿ ರಮಝಾನಿನ ಇಫ್ತಾರ್ ಕೂಡ ಪಾಟ್‌ಲಕ್ ರೀತಿಯಲ್ಲೇ ನಡೆಯುವುದುಂಟು. ಆಗ ಎದುರಾಗುವುದು ನೂಡಲ್ಸಿನೊಳಗಿನ ಪುಟ್ಟ ಮಸಾಲೆ ಪೊಟ್ಟಣದ ಪ್ರಶ್ನೆ. ಸಲಾಡಿಗೆ ರುಚಿ ಕೊಡಲು ಅದನ್ನೂ ಬೆರೆಸುವುದು ರೂಢಿ. ಎಷ್ಟೋ ಬಾರಿ ಅದರಲ್ಲಿ ಕೋಳಿ ಅಥವಾ ದನದ ಮಾಂಸದ ಅಂಶವಿರುತ್ತದೆ. ಕಣ್ಣಿಗೆ ಬರೀ ಸೊಪ್ಪು ತರಕಾರಿ. ಆದರೆ ಸಸ್ಯಾಹಾರಿಗೂ ಹಲಾಲ್ ನೋಡುವವರಿಗೂ ಅದು ಸಲ್ಲದು. ಬಾದಾಮಿ ಒಗ್ಗದವರೂ ಇರಬಹುದು.

ಇದಕ್ಕೆ ಪರಿಹಾರ ಸರಳ. ಆ ಪೊಟ್ಟಣವನ್ನು ಬದಿಗಿಡಿ. ಅರ್ಧ ಕಿಲೋ ಎಲೆಕೋಸು, ಎರಡು ಪೊಟ್ಟಣ ನೂಡಲ್ಸ್, ಅರ್ಧ ಕಪ್ ಎಣ್ಣೆ, ಅದಕ್ಕಿಂತ ತುಸು ಕಡಿಮೆ ವಿನೆಗರ್, ಕಾಲು ಕಪ್ ಸಕ್ಕರೆ, ಉಪ್ಪು, ಕರಿಮೆಣಸು, ಹುರಿದ ಎಳ್ಳು ಸಾಕು. ಬಡಿಸುವ ಹೊತ್ತಿಗೆ ಕಲಸಿದರೆ ಗರಿಗರಿ ಉಳಿಯುತ್ತದೆ. ಬಟ್ಟಲಿನ ಪಕ್ಕ ಏನೇನು ಹಾಕಿದೆ ಎಂದು ಬರೆದ ಒಂದು ಚೀಟಿ ಇಡಿ.

ಆ ಚೀಟಿ ಚಿಕ್ಕದಾದರೂ ಅದರ ಅರ್ಥ ಚಿಕ್ಕದಲ್ಲ. ನಮ್ಮ ಜೊತೆ ಉಣ್ಣಲಿರುವವರು ಯಾರು, ಅವರಿಗೆ ಏನು ಸಲ್ಲುತ್ತದೆ ಎಂದು ಅಡುಗೆ ಮಾಡುವಾಗಲೇ ಯೋಚಿಸಿದ್ದೇವೆ ಎಂದು ಅದು ಹೇಳುತ್ತದೆ. ನವಣೆಯ ಎಳೆಯಿಂದ ಒಸಾಕಾದ ಸಾಲಿನವರೆಗೆ ನೂಡಲ್ಸ್ ತನ್ನ ಪಾಲಿನ ದೂರವನ್ನು ಕ್ರಮಿಸಿ ಮೇಜಿಗೆ ಬಂದಿದೆ. ಇನ್ನುಳಿದ ನಾಲ್ಕು ಹೆಜ್ಜೆ ಮೇಜಿನ ಸುತ್ತ ಕುಳಿತವರು ಇಡಬೇಕಾದದ್ದು.