ಮನೆದೆರೆಯಿಂದ ಮಾರ್ಗಸೂಚಿ ಬೆಲೆಯವರೆಗೆ: ಗೂಳೂರು ಪರಿಸರದಲ್ಲಿ ಮನೆಯ ಮೌಲ್ಯನಿರ್ಣಯ

ತುಮಕೂರಿನಿಂದ ಕುಣಿಗಲ್ಲಿಗೆ ಸಾಗುವ ದಾರಿಯಲ್ಲಿರುವ ಗೂಳೂರು, ಕಾರ್ತಿಕ ಮಾಸದಲ್ಲಿ ಪೂಜೆಗೊಳ್ಳುವ ಮಣ್ಣಿನ ಮಹಾಗಣಪತಿಯಿಂದ ನಾಡಿಗೆ ಪರಿಚಿತವಾದ ಊರು. ನಗರವು ಇಂತಹ ಊರುಗಳತ್ತ ಬೆಳೆದಂತೆ ನಿವೇಶನದ ಬೆಲೆ ಏರುತ್ತದೆ. ಮನೆಯನ್ನು ಎಂದೂ ಮಾರದವನ ಕಂದಾಯಕ್ಕೂ ಆ ಏರಿಕೆ ತಟ್ಟುತ್ತದೆ. ಇದು ಹೇಗೆಂಬುದನ್ನು ಚಾರಿತ್ರಿಕ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡ ಶಾಸನಗಳಲ್ಲಿ ಮನೆದೆರೆ, ಮನೆವಣ, ಒಕ್ಕಲುದೆರೆ ಎಂಬ ಪದಗಳು ದೊರೆಯುತ್ತವೆ. ಈ ಪದಗಳು ಸೂಚಿಸುವಂತೆ ತೆರಿಗೆಯ ಘಟಕ ಮನೆ ಅಥವಾ ಒಕ್ಕಲು; ಅದರ ಮಾರಾಟದ ಬೆಲೆಯಲ್ಲ. ಊರಹಬ್ಬಕ್ಕೆ ಮನೆವಾರು ವಂತಿಗೆ ಎತ್ತುವ ಪದ್ಧತಿಯಲ್ಲಿ ಇದೇ ಕಲ್ಪನೆ ಇಂದಿಗೂ ಉಳಿದಿದೆ. ‘ಕಂದಾಯ’ ಶಬ್ದವೂ ಗಮನಾರ್ಹವಾದುದು. ಪಂಚಾಂಗದ ಕಂದಾಯಫಲದಲ್ಲಿ ಅದು ವರ್ಷದ ಮೂರನೆಯ ಒಂದು ಭಾಗವನ್ನು, ಅಂದರೆ ನಾಲ್ಕು ತಿಂಗಳ ಅವಧಿಯನ್ನು ಹೇಳುತ್ತದೆ.

ಮೌಲ್ಯವನ್ನು ಕಾಲಕಾಲಕ್ಕೆ ಪರಿಷ್ಕರಿಸುವ ವ್ಯವಸ್ಥಿತ ಕ್ರಮ ಮೈಸೂರು ಸೀಮೆಗೆ ಬಂದುದು ಜಮೀನಿನ ಮೂಲಕ. 1863ರಲ್ಲಿ ಬೊಂಬಾಯಿ ಮಾದರಿಯ ಪೈಮಾಶಿ ಆರಂಭವಾಯಿತು. ನಿಗದಿಯಾದ ಕಂದಾಯ 30 ವರ್ಷಗಳ ಕಾಲ ಸ್ಥಿರವಾಗಿರುತ್ತಿತ್ತು. ರೈತನು ಸ್ವಂತ ಖರ್ಚಿನಿಂದ ಮಾಡಿದ ಸುಧಾರಣೆಗಾಗಿ ಮರುಪೈಮಾಶಿಯಲ್ಲಿ ಕಂದಾಯ ಏರಿಸಬಾರದೆಂಬುದು ಆ ಮಾದರಿಯ ತತ್ತ್ವವಾಗಿತ್ತು. ಹೆಚ್ಚಳ ಎಷ್ಟು ಎಂಬುದರೊಡನೆ ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೂ ಅಂದಿನ ಪದ್ಧತಿ ಕೇಳುತ್ತಿತ್ತು.

ನಗರದ ಮನೆಗಳ ವಿಷಯದಲ್ಲಿ ಅಳತೆಗೋಲು ಬೇರೆ. ಬಹುಕಾಲ ಅದು ಮನೆಗೆ ಬರಬಹುದಾದ ವಾರ್ಷಿಕ ಬಾಡಿಗೆಯಾಗಿತ್ತು. ಬೆಂಗಳೂರನ್ನು ಬಿಟ್ಟು ರಾಜ್ಯದ ಇತರ ನಗರ ಸ್ಥಳೀಯ ಸಂಸ್ಥೆಗಳಲ್ಲಿ 2002-03ರಿಂದ ಬಂಡವಾಳ ಮೌಲ್ಯವನ್ನು ಆಧರಿಸಿದ ಸ್ವಯಂ ಘೋಷಣೆ ಪದ್ಧತಿ ಜಾರಿಗೆ ಬಂದಿತು. 2021ರ ತಿದ್ದುಪಡಿಯು ಮಾರ್ಗಸೂಚಿ ಬೆಲೆಯ ಶೇ. 25ರಷ್ಟನ್ನು ತೆರಿಗೆಗೆ ಆಧಾರವಾಗಿಸಿತು. ಈ ಬೆಲೆಯನ್ನು ಗೊತ್ತುಪಡಿಸುವುದು 1957ರ ಕರ್ನಾಟಕ ಮುದ್ರಾಂಕ ಕಾಯಿದೆಯ 45-ಬಿ ಪ್ರಕರಣದ ಸಮಿತಿಗಳು. ಕ್ರಯಪತ್ರದ ಮುದ್ರಾಂಕ ಶುಲ್ಕವನ್ನು ನಿರ್ಧರಿಸುವುದು ಅದರ ಮೂಲ ಪ್ರಯೋಜನ. ರಾಜ್ಯದಾದ್ಯಂತ ಪರಿಷ್ಕೃತ ಬೆಲೆಗಳು 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಗ್ರಾಮ ಪಂಚಾಯಿತಿಯ ಎಲ್ಲೆಯಲ್ಲಿ ಮನೆಗಂದಾಯಕ್ಕೆ 1993ರ ಪಂಚಾಯತ್ ರಾಜ್ ಕಾಯಿದೆಯ 199ನೆಯ ಪ್ರಕರಣ ಆಧಾರ. ನಗರದ ಎಲ್ಲೆ ಹಳ್ಳಿಯನ್ನು ಒಳಗೊಂಡಾಗ ಅದೇ ಗೋಡೆ, ಅದೇ ಮಾಡಿಗೆ ಬೇರೊಂದು ಕಾನೂನು ಅನ್ವಯವಾಗುತ್ತದೆ.

ಮೌಲ್ಯ ಏರಿದೊಡನೆ ತೆರಿಗೆ ಅಷ್ಟೇ ಏರಬೇಕೆಂಬ ನಿಯಮವಿಲ್ಲ. ತಲಾ 10 ಲಕ್ಷ ರೂ. ಬೆಲೆಯ ಎರಡು ಮನೆಗಳು ತಲಾ 3,000 ರೂ. ತೆರುತ್ತಿವೆ ಎಂದು ಭಾವಿಸೋಣ. ಪರಿಷ್ಕರಣೆಯಲ್ಲಿ ಒಂದರ ಬೆಲೆ 15 ಲಕ್ಷ, ರಸ್ತೆ ಬದಿಯ ಇನ್ನೊಂದರ ಬೆಲೆ 30 ಲಕ್ಷವಾಯಿತು. ಒಟ್ಟು ವಸೂಲಿ 6,000 ರೂ.ಗಳಲ್ಲೇ ಉಳಿಯುವಂತೆ ದರವನ್ನು ತಗ್ಗಿಸಿದರೆ ಮೊದಲನೆಯದಕ್ಕೆ 2,000, ಎರಡನೆಯದಕ್ಕೆ 4,000 ರೂ. ಬೀಳುತ್ತದೆ. ದರವನ್ನು ಹಾಗೆಯೇ ಉಳಿಸಿದರೆ 4,500 ಮತ್ತು 9,000 ರೂ. ಆಗುತ್ತದೆ. ಅಂದರೆ ಪರಿಷ್ಕರಣೆಯು ಹೊರೆಯನ್ನು ಹಂಚುತ್ತದೆ. ಹೊರೆಯ ಒಟ್ಟು ಗಾತ್ರವನ್ನು ನಿರ್ಧರಿಸುವುದು ದರ. ನಗರದ ಅಂಚಿನ ಊರುಗಳಲ್ಲಿ ಬೆಲೆ ಇತರೆಡೆಗಿಂತ ವೇಗವಾಗಿ ಏರಿದರೆ ಹಂಚಿಕೆಯ ಹೆಚ್ಚಿನ ಪಾಲು ಅಲ್ಲಿಯವರಿಗೇ ಬರುತ್ತದೆ.

ಸಮಸ್ಯೆಯ ಮೂಲ ಇಲ್ಲಿದೆ. ಮಾರ್ಗಸೂಚಿ ಬೆಲೆಯ ಕರಡಿಗೆ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಲಾಗುತ್ತದೆ. ಆದರೆ ಅದು ಕೊಳ್ಳುವವರ, ಮಾರುವವರ ವಿಷಯವೆಂದೇ ವಾಸದ ಮನೆಯವರು ತಿಳಿಯುತ್ತಾರೆ. ನೋಂದಣಿ ಇಲಾಖೆಯಲ್ಲಿ ನಿಗದಿಯಾದ ಅಂಕಿ ಆ ಬಳಿಕ ಇನ್ನೊಂದು ಕಚೇರಿಯ ಕಂದಾಯ ರಸೀದಿಯಾಗಿ ಅವರ ಕೈಸೇರುತ್ತದೆ. ಅಷ್ಟರಲ್ಲಿ ಆಕ್ಷೇಪಣೆಯ ಅವಧಿ ಮುಗಿದಿರುತ್ತದೆ. ನೆರೆಯ ನಿವೇಶನ ಮಾರಾಟವಾದುದರಿಂದ ಅಜ್ಜನ ಕಾಲದ ಮನೆಯಲ್ಲಿರುವವರ ಆದಾಯ ಹೆಚ್ಚುವುದಿಲ್ಲ.

ನಗರಕ್ಕೆ ನೀರು, ಬೀದಿದೀಪ, ಚರಂಡಿ ಬೇಕು. ಅದಕ್ಕೆ ತೆರಿಗೆಯೂ ಬೇಕು. ಆದರೆ ಬೆಲೆಯ ಕರಡು ಪ್ರಕಟವಾದಾಗಲೇ ಅದರಿಂದ ಮನೆಗಂದಾಯದ ಮೇಲಾಗುವ ಪರಿಣಾಮವನ್ನು ವಾರ್ಡು ಸಭೆಯಲ್ಲೂ ಗ್ರಾಮಸಭೆಯಲ್ಲೂ ಕನ್ನಡದಲ್ಲಿ ಓದಿಹೇಳುವುದು ಅಸಾಧ್ಯವೇನಲ್ಲ. ವಂತಿಗೆಯ ಲೆಕ್ಕವನ್ನು ಊರಮುಂದೆ ಒಪ್ಪಿಸುವ ಪರಂಪರೆಯುಳ್ಳ ಜನರಿಗೆ ಇದು ಹೊಸ ಬೇಡಿಕೆಯಲ್ಲ.